ಕೊನೆಯ ಕಾಲಮ್ಮು

ನಮ್ಮ ಎದೆರೋಗ ವಿಭಾಗದ ದಪ್ಪ ರಿಜಿಸ್ಟರಿನಲ್ಲಿ
ಕೊನೆಯ ಕಾಲಮ್ಮು ನನ್ನದು.
ಕೆಂಪು ಶಾಯಿ, ಒಂದೇ ಪದ: ಬರಲಿಲ್ಲ.
ಹನ್ನೆರಡು ವರ್ಷ ಬರೆದು ಬರೆದು
ಲಕಾರಕ್ಕೆ ಒತ್ತು ಕೊಡುವುದು ನನ್ನ ಬೆರಳಿಗೆ
ಉಸಿರಾಡಿದಷ್ಟು ಸಲೀಸು.
(ಉಸಿರಾಟ ಸಲೀಸೆಂದು
ಈ ವಿಭಾಗದಲ್ಲಿ ಕೂತು ಹೇಳಬಾರದು.)

ಹಾಲವ್ವ, ಐವತ್ತೆರಡು, ಮಂಡಕ್ಕಿ ಬಟ್ಟಿ: ಬರಲಿಲ್ಲ.
ಜುಲೇಖಾಬಿ, ನಲವತ್ತು, ಅದೇ ಬಟ್ಟಿ, ಅದೇ ಓಣಿ: ಬರಲಿಲ್ಲ.
ಜುಲೇಖಾಬಿಯ ಸೊಸೆ, ಹೆಸರು ಬರೆಸಿಲ್ಲ: ಬರಲಿಲ್ಲ.
ವಿದ್ಯಾನಗರದ ನಿವೃತ್ತ ಮೇಷ್ಟ್ರು ಮಾತ್ರ
ಕೊಟ್ಟ ತಾರೀಖಿಗೆ, ಕೊಟ್ಟ ಗಂಟೆಗೆ, ಮಗನ ಕಾರಿನಲ್ಲಿ
ಬಂದು ಕೆಮ್ಮಿ ಹೋಗುತ್ತಾರೆ.

ಹೋದ ತಿಂಗಳು ಮೇಲಿನಿಂದ ಸುತ್ತೋಲೆ:
ಪ್ರತಿ ವಿಭಾಗವೂ ಸಮಾನತೆಯ ಸಭೆ ನಡೆಸತಕ್ಕದ್ದು,
ಫೋಟೋ ಸಹಿತ ವರದಿ ಕಳಿಸತಕ್ಕದ್ದು.
ಶನಿವಾರ ನಾಲ್ಕಕ್ಕೆ ಸೇರಿದೆವು. ಕುರ್ಚಿ ಹದಿನಾಲ್ಕು.
ದೊಡ್ಡ ಡಾಕ್ಟರು, ಸಣ್ಣ ಡಾಕ್ಟರು, ಇನ್ನೂ ಓದುವ ಡಾಕ್ಟರು,
ಗೋಡೆ ಪಕ್ಕ ಸಿಸ್ಟರುಗಳು, ಫ್ಯಾನಿನ ಗಾಳಿ ಮುಗಿಯುವಲ್ಲಿ ನಾನು.
ಬಾಗಿಲಲ್ಲಿ ಅಟೆಂಡರ್ ದುರುಗಪ್ಪ, ನಿಂತು,
ಕೈಯಲ್ಲಿ ಚಹಾದ ತಟ್ಟೆ.

ಪರದೆಯ ಮೇಲೆ ಬಣ್ಣದ ಚಕ್ರ.
ನೂರಕ್ಕೆ ಅರವತ್ತೊಂದು ಮಂದಿ ಮರಳಿ ಬರುವುದಿಲ್ಲ.
ಅರಿವಿಲ್ಲ, ಅಂದರು ಒಬ್ಬರು. ಅಸಡ್ಡೆ, ಅಂದರು ಇನ್ನೊಬ್ಬರು.
ಕರಪತ್ರ ಹಂಚೋಣ, ಅಂದಿತು ಯಾವುದೋ ಕನ್ನಡಕ.
ಎಲ್ಲರ ಮುಂದೆ ಕಾಗದದ ತಟ್ಟೆಯಲ್ಲಿ
ಒಗ್ಗರಣೆ ಮಂಡಕ್ಕಿ, ಪಕ್ಕಕ್ಕೆ ಮಿರ್ಚಿ.
ದಾವಣಗೆರೆಯಲ್ಲಿ ಇವಿಲ್ಲದೆ ಸಭೆಯೆಲ್ಲಿ?
ಅಗಿಯುವ ಸದ್ದಿನಲ್ಲಿ ಸಮಾನತೆ
ನನಗೆ ಸರಿಯಾಗಿ ಕೇಳಿಸಲಿಲ್ಲ.

ಚಳ್ಳಕೆರೆ ಕಡೆಯ ಹುಡುಗ, ಡಾಕ್ಟರ್ ತಿಪ್ಪೇಶ, ಎದ್ದ:
ಹಾಲವ್ವನ ಬೆರಳಿಗೆ ಕ್ಲಿಪ್ಪು ಹಾಕಿದ್ದೆ.
ತೊಂಬತ್ತೈದು ತೋರಿಸಿತು. ಮನೆಗೆ ಕಳಿಸಿದೆ.
ಕಪ್ಪು ಚರ್ಮಕ್ಕೆ ಈ ಕ್ಲಿಪ್ಪು
ಒಂದೆರಡು ಅಂಕ ಧಾರಾಳವೆಂದು ಓದಿದ್ದೆ, ಸಾರ್.
ಅವಳು ಏದುಸಿರು ಬಿಡುತ್ತಿದ್ದಳು.
ನಾನು ಅಂಕಿ ನೋಡುತ್ತಿದ್ದೆ.

ಆಮೇಲೆ ದುರುಗಪ್ಪ ಕೆಮ್ಮಿದ. ಅದು ಕೆಮ್ಮಲ್ಲ, ಮಾತು.
'ಸಾರ್, ಬಟ್ಟಿ ಹೊತ್ಸೋದು ಬೆಳಗಿನ ಜಾವ ಮೂರಕ್ಕೆ ರೀ.
ಆರೋದು ಹನ್ನೊಂದಕ್ಕೆ.
ನಮ್ಮ ಚೀಟಿ ಕಿಟಕಿ ಹತ್ತೂವರೆಗೇ ಮುಚ್ತೈತ್ರೀ.
ನಮ್ಮವ್ವನ್ನೂ ಬರ್ಲಿಲ್ಲ ಅಂತ ಬರ್ದಿದ್ರು.
ಆವಾಗ ನಂಗೀ ಕೆಲ್ಸ ಇರ್ಲಿಲ್ಲ.
ದಿನಾ ಗೇಟಿನ ತನಕ ಬಂದು, ಕುಂತು, ಹೋಗ್ತಿದ್ಲು.'

ಯಾರೂ ಅಗಿಯಲಿಲ್ಲ ಒಂದು ಗಳಿಗೆ.
ಕೂತ್ಕೊಳ್ಳಪ್ಪಾ, ಅಂದರು ದೊಡ್ಡ ಡಾಕ್ಟರು.
ಕೂರಲು ಕುರ್ಚಿ ಇರಲಿಲ್ಲ. ನಾನು ಎದ್ದೆ.
ಅವನು ಕೂರಲಿಲ್ಲ. ಚಹಾ ಆರುತ್ತೆ ಅಂದ.

ಮಂಗಳವಾರ, ಗುರುವಾರ ಮಧ್ಯಾಹ್ನ ಮೂರಕ್ಕೆ
ಕಿಟಕಿ ಇನ್ನೊಮ್ಮೆ ತೆಗೆಯುವುದು ಎಂದಾಯಿತು.
ಅದಕ್ಕೂ ಮುಕ್ಕಾಲು ಗಂಟೆ ಜಗಳ:
ಯಾರ ಡ್ಯೂಟಿ, ಯಾರ ಊಟ, ಯಾರ ಬಸ್ಸು.
ಕೊನೆಗೆ ಫೋಟೋ.
ಹದಿನಾಲ್ಕೂ ಜನ ನಗುತ್ತಿದ್ದೇವೆ ಅದರಲ್ಲಿ.
ತೆಗೆದವನು ದುರುಗಪ್ಪ.

ಮಂಗಳವಾರ ಹಾಲವ್ವ ಬಂದಳು.
ಉಗುರಲ್ಲಿ ಮಸಿ, ಜಡೆಯಲ್ಲಿ ಹೊಟ್ಟು.
ತಿಪ್ಪೇಶ ಈ ಸಲ ಕ್ಲಿಪ್ಪನ್ನು ನಂಬದೆ
ಮಣಿಕಟ್ಟಿನಿಂದ ರಕ್ತ ತೆಗೆದ.
ಕೊಳವೆ ಬಾಯಿಗಿಟ್ಟು, ಊದಮ್ಮ, ಇನ್ನೂ ಊದು, ಅಂದ.
'ಎಷ್ಟು ಊದ್ಲಿ ಯಪ್ಪಾ,
ಇದ್ದ ಗಾಳಿನೆಲ್ಲ ಅಕ್ಕಿಗೆ ತುಂಬಿ ಬಂದೀನಿ.'

ಸೊಸೆಯೂ ಬಂದಿದ್ದಳು. ಹೆಸರು ಮುನೀರಾ. ಬರೆದುಕೊಂಡೆ.
ಜುಲೇಖಾಬಿ ಇಲ್ಲ.
ಕೆಂಪು ಪೆನ್ನು ತಾನಾಗಿ ಕೊನೆಯ ಕಾಲಮ್ಮಿಗೆ ಹೋಗಿ
ಬ ಎಂದು ಬರೆಯಿತು. ತಡೆದೆ.
ಅದೇ ಬಕಾರವನ್ನು ಹಿಡಿದು ಮುಂದುವರಿಸಿದೆ:
ಬಟ್ಟಿಗೆ ಹೋಗಿ ಕೇಳಬೇಕು.
ಕಾಲಮ್ಮು ಸಾಲದೆ
ಅಕ್ಷರ ಗೆರೆ ದಾಟಿ
ಪುಟದ ಅಂಚಿಗೆ ಹೋಗಿ ನಿಂತವು.