ಎರಡು ಮಿಲಿಮೀಟರ್

ಹದಿನಾಲ್ಕು ದಿನ ಲಾರಿಯಲ್ಲೇ ಮಲಗೆದ್ದು
ಉಲಾನ್‌ಬಾತರಿಗೆ ಮರಳಿದ ರಾತ್ರಿ.
ಬಾಗಿಲಲ್ಲಿ ಏನೋ ಬೇರೆ ಅನ್ನಿಸಿ
ಕೂದಲು ಕತ್ತರಿಸಿದ್ದೀಯಾ ಅಂದಿದ್ದೆ.
ಹೂಂ ಅಂದಿದ್ದಳು ತುಂಗಲಗ್.

ಮಲಗಿದಾಗ ಅವಳ ಮುಖ ನನ್ನ ಕಡೆಗಿತ್ತು,
ಕಣ್ಣು ಅರೆ ತೆರೆದಿತ್ತು.
ಎಚ್ಚರವಿದ್ದಾಳೆ ಅಂದುಕೊಂಡು ಶುರುಮಾಡಿದೆ:
ಗಡಿಯಲ್ಲಿ ಕಲ್ಲಿದ್ದಲು ಲಾರಿಗಳ ಸಾಲು ಕರಗದ್ದು,
ಸುಮಿಯಾನ ಗಾಡಿ ಮಗುಚಿದ್ದು,
ಟಯರಿಗೆಂದು ಅವಳಣ್ಣ ಕೊಟ್ಟ ದುಡ್ಡು
ಇಸ್ಪೀಟಿನಲ್ಲಿ ಹೋದದ್ದು.
ಅದನ್ನೂ ಹೇಳಿಬಿಟ್ಟೆ.
ಬೈಯಲಿಲ್ಲ.
ರೆಪ್ಪೆ ಕೂಡ ಅಲುಗಿಸಲಿಲ್ಲ.
ಆಮೇಲೆ ಸಣ್ಣಗೆ ಗೊರಕೆ ಹೊಡೆದಳು.

ದೀಪ ಹಾಕಿ ನೋಡಿದೆ.
ಕರಿಗುಡ್ಡೆ ಮೇಲೆಲ್ಲೋ ಅಡಗಿ
ಸೀಳಿನಲ್ಲಿ ಬರೀ ಬಿಳಿ.
ಸತ್ತವರಿಗೆ ನಾವೇ ಮುಚ್ಚುತ್ತೇವಲ್ಲ,
ಹಾಗೆ ಬೆರಳಿಟ್ಟು ಎಳೆದೆ.
ಬಿಟ್ಟರೆ ಮತ್ತೆ ಅಷ್ಟೇ ತೆರೆಯಿತು.

ನಾಲ್ಕನೇ ಮಹಡಿಯ ಸಲೂನಂತೆ, ಕೂದಲ ಬಣ್ಣದ ವಾಸನೆಯಂತೆ,
ಒಂದು ಮಡಿಕೆ ತೆಗೆದರೆ ಹತ್ತು ವರ್ಷ ಉದುರುತ್ತದೆ
ಅಂದಳಂತೆ ಕತ್ತರಿ ಹಿಡಿದ ಹುಡುಗಿ.
ಮಡಿಕೆ ಹೋಯಿತು,
ಜೊತೆಗೆ ಎರಡು ಮಿಲಿಮೀಟರ್ ಹೆಚ್ಚು.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಸ್ಕೇಲಿಟ್ಟು ಅಳೆದರು.
ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ
ನನಗೂ ತೋರಿಸಿದರು: ಒಣಗಿ ಒಣಗಿ ಕೆಳಗಡೆ ಗಾಯ,
ಹಸಿರು ಚುಕ್ಕಿ, ಚುಕ್ಕಿಯ ಪಕ್ಕ ಚುಕ್ಕಿ,
ಗೋಬಿಯ ಕತ್ತಲಲ್ಲಿ ಕೆಟ್ಟು ನಿಂತ ಲಾರಿಗಳು
ಮಿಣುಕುವ ಹಾಗೆ.
ಚಳಿಗಾಲದ ಹೊಗೆಗೆ ಹೊರಗೆ ಬಿಡಬೇಡಿ ಅಂದರು.
ನಗು ಬಂತು. ಆ ಹೊಗೆಯನ್ನೇ ನಾನು ಹೇರುವುದು.

ಕಣ್ಣನ್ನು ರೆಪ್ಪೆ ಕಾಯುತ್ತದೆ ಅನ್ನುತ್ತಾರೆ.
ರೆಪ್ಪೆಯನ್ನು ಯಾರು ಕಾಯಬೇಕಿತ್ತು?

ಈಗ ಊರಲ್ಲಿದ್ದ ರಾತ್ರಿ ಅದು ನನ್ನ ಕೆಲಸ.
ಡೀಸೆಲ್ ಹೋಗುವವರೆಗೆ ಕೈ ತಿಕ್ಕುತ್ತೇನೆ,
ಉಗುರುಸಂದಿಯ ಕಪ್ಪು ಹೋಗುವುದಿಲ್ಲ,
ಅವಳು ಹೋಗಲಿ ಬಿಡು ಅನ್ನುತ್ತಾಳೆ.
ಅಕ್ಕಿಕಾಳಿನಷ್ಟು ಮುಲಾಮು.
ಆಮೇಲೆ ಟೇಪು, ಹುಬ್ಬಿನ ಕೂದಲು ಕೀಳದ ಹಾಗೆ.

ಗೋಡೆಯ ಮೇಲೊಂದು ಫೋಟೋ ಇದೆ,
ಅವಳಣ್ಣನ ಮಗುವಿಗೆ ಮೊದಲ ಕೂದಲು ತೆಗೆದ ದಿನದ್ದು.
ಎಲ್ಲರೂ ಸಾಲಾಗಿ ನಿಂತಾಗ ನಾನು ಕೂಗಿದ್ದೆ:
ಕಣ್ಣು ಬಿಡೇ, ನಿದ್ದೆಗಣ್ಣಿ!
ಎಲ್ಲರೂ ನಕ್ಕರು. ಅವಳೂ ನಕ್ಕಳು.
ನಕ್ಕದ್ದಕ್ಕೇ ಫೋಟೋದಲ್ಲಿ ಅವಳ ಕಣ್ಣು
ಎರಡು ಗೆರೆ.

ಅದೊಂದನ್ನು ಆ ರಾತ್ರಿ ಹೇಳಲಿಲ್ಲ.
ಇವತ್ತು ಹೇಳೋಣವೆಂದರೆ ಟೇಪಿದೆ,
ಮಲಗಿದ್ದಾಳೋ ಇಲ್ಲವೋ ತಿಳಿಯುವುದಿಲ್ಲ.
ಅಂಚಿನಲ್ಲಿ ಏನೋ ಒದ್ದೆ. ಮುಲಾಮಿರಬೇಕು.

ದೀಪ ಆರಿಸಿದೆ.
ತುಸು ಹೊತ್ತು ಬಿಟ್ಟು ಕತ್ತಲಲ್ಲಿ ಅವಳೆಂದಳು:
ಟಯರು ಹಾಕಿಸಿದೆಯಾ?