ಹೌದು ಅನ್ನುವ ಅಚ್ಚು

ನಮ್ಮಪ್ಪ ಆಲೆಮನೆಯಲ್ಲಿ ಪಾಕ ನೋಡುವವನು.
ಕೊಪ್ಪರಿಗೆಯಿಂದ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು
ಬೆರಳಲ್ಲಿ ಉರುಟಿ
'ಆಯ್ತು, ಇಳ್ಸ್ರಲಾ' ಅಂದರೆ ಆಯ್ತು.
ಗಡಿಯಾರ ಅವನ ಮಣಿಕಟ್ಟಿಗೆ ಕಡೆವರೆಗೂ ಏರಲಿಲ್ಲ.

ನನ್ನದೂ ಅಚ್ಚು ಹೊಯ್ಯುವ ಕೆಲಸವೇ,
ಮಂಡ್ಯದ ಆಸ್ಪತ್ರೆಯೊಂದರ ಹಿಂಬದಿ,
ಫಾರ್ಮಲಿನ್ನಿಗೆ ಕಣ್ಣುರಿಯುವ ಕೋಣೆಯಲ್ಲಿ.
ಬೆಲ್ಲದ ಬದಲು ಮೇಣ.
ಮೇಣದೊಳಗೆ, ಹುಣಸೆಬೀಜದಷ್ಟು, ಯಾರದೋ ಮೈ.

ಮಂಜುಗಡ್ಡೆಯ ಮೇಲೆ ಅಚ್ಚು ಬಿಗಿದ ಮೇಲೆ
ಚಕ್ರ ತಿರುಗಿಸುತ್ತೇನೆ. ಮೂರು ಮೈಕ್ರಾನ್.
ಈರುಳ್ಳಿಯ ಒಳಪೊರೆ ಇದರ ಮುಂದೆ ಕಂಬಳಿ.
ಉಸಿರು ಬಿಟ್ಟರೆ ಹಾರುತ್ತದೆ; ಅದಕ್ಕೇ
ಇಲ್ಲಿ ಫ್ಯಾನಿಲ್ಲ, ಏಪ್ರಿಲ್‌ನಲ್ಲೂ.
ಪಟ್ಟಿಯಾಗಿ ಬಂದದ್ದನ್ನು ಬೆಚ್ಚನೆ ನೀರಿಗೆ ಬಿಟ್ಟು
ಗಾಜಿನ ಮೇಲೆ ಎತ್ತಿಕೊಳ್ಳುವಾಗ
ಸುಕ್ಕು ಬಿದ್ದರೆ ನಫೀಸಾ ಮೇಡಂ ಬೈಯುತ್ತಾರೆ:
'ಇದು ನಿನ್ನ ಸೀರೆಯಲ್ಲ, ಇವಳದು ಇರೋದೇ ಇಷ್ಟು.'

ಆಮೇಲೆ ಕುಕ್ಕರ್. ಹೌದು, ಅಡುಗೆಮನೆಯದೇ,
ಸೀಟಿ ಸಮೇತ. ಎರಡು ಕೂಗಿಗೆ
ಫಾರ್ಮಲಿನ್ನಿನಲ್ಲಿ ಬಾಯಿ ಕಟ್ಟಿಕೊಂಡ ಕೋಶ
ಮತ್ತೆ ಬಾಯಿ ಬಿಡುತ್ತದೆ.
ಆಗ ಕೇಳುವುದು, ಪ್ರತಿಕಾಯದ ಒಂದು ಹನಿಯಲ್ಲಿ:
ಇದೆಯಾ ನಿನ್ನಲ್ಲಿ, ಮಾತ್ರೆ ಹೋಗಿ ತಟ್ಟಬಲ್ಲ ಬಾಗಿಲು?
ಇದ್ದರೆ ಕಂದು.
ಇಲ್ಲದಿದ್ದರೆ ಬರೀ ನೀಲಿ.

ಗಾಜು ಸುಳ್ಳು ಹೇಳಬಹುದು. ಹನಿ ಹಳಸಿರಬಹುದು,
ಕರೆಂಟು ಹೋಗಿ ಫ್ರಿಜ್ಜು ಬೆವೆತಿರಬಹುದು.
ಅದಕ್ಕೆ ದಿನವೂ ಪಕ್ಕದಲ್ಲೊಂದು ಸಾಕ್ಷಿಯ ಗಾಜು,
ಹೌದೆಂದು ಮೊದಲೇ ಗೊತ್ತಿರುವ ಒಬ್ಬಳದು.
ಅವಳು ಕಂದಾದರೆ ಮಾತ್ರ
ಉಳಿದವರ ಮಾತು ನಂಬುವುದು.

ರಿಜಿಸ್ಟರಿನಲ್ಲಿ: ಚಿಕ್ಕತಾಯಮ್ಮ, ೫೮, ಕೀಲಾರ. ಎಡ ಸ್ತನ.
ಆರು ವರ್ಷದಿಂದ ಅವಳನ್ನು ಕೊಯ್ಯುತ್ತಿದ್ದೇನೆ,
ಒಂದು ದಿನವೂ ಇಲ್ಲ ಅಂದವಳಲ್ಲ.
ಇದ್ದಾಳೋ ಹೋದಳೋ,
ರಿಜಿಸ್ಟರು ಅಷ್ಟು ದೂರ ನಡೆಯುವುದಿಲ್ಲ.
ಒಮ್ಮೆ ಕೀಲಾರದ ಬಸ್ಸಿನಲ್ಲಿ ಯಾರೋ
'ಚಿಕ್ತಾಯಮ್ಮೋ' ಅಂತ ಕೂಗಿದರು.
ಮೂವರು ತಿರುಗಿದರು. ನಾನು ನಾಲ್ಕನೆಯವಳು.
ಮೂವರ ಸೆರಗಿನ ಎಡಕ್ಕೇ ಕಣ್ಣು ಹೋಗಿ,
ನಾಚಿಕೆಯಾಗಿ,
ಕಿಟಕಿಯಾಚೆ ಕಬ್ಬು ನೋಡುತ್ತಾ ಕೂತೆ.

ಈಗ ಅಚ್ಚು ಸವೆದಿದೆ. ಉಗುರಿನ ಬಿಳಿಯಷ್ಟು ಉಳಿದಿದ್ದಾಳೆ,
ಇನ್ನು ಹತ್ತೋ ಹನ್ನೆರಡೋ ಪದರ.
'ಹೊಸಬಳನ್ನು ಹುಡುಕು' ಅಂದಿದ್ದಾರೆ ಮೇಡಂ.

ಇವತ್ತಿನ ಗಾಜು: ಜಯಶೀಲಾ, ೪೪, ಬೂದನೂರು.
ಬಣ್ಣದ ಹನಿ ಬಿಟ್ಟು ಗಡಿಯಾರ ನೋಡುತ್ತೇನೆ, ಐದು ನಿಮಿಷ.
ಹೆಚ್ಚಾದರೆ ಇಲ್ಲದ್ದೂ ಕಂದಾಗುತ್ತದೆ,
ಕಡಿಮೆಯಾದರೆ ಇದ್ದದ್ದೂ ಕಾಣುವುದಿಲ್ಲ.
ನಾಲ್ಕು ದಾಟುತ್ತಲೇ ಕೈ ತಾನಾಗಿ ನೀರಿಗೆ ಹೋಯಿತು.
ಯಾರ ಕೈ ಇದು ಅಂತ ನನಗೆ ಗೊತ್ತು.

ಮಸೂರದ ಕೆಳಗೆ ಕೋಶ ಕೋಶದ ನಡುವೆಯೂ
ಹೊಸ ಬೆಲ್ಲದ ಬಣ್ಣ.
ಪಕ್ಕದಲ್ಲಿ ಚಿಕ್ಕತಾಯಮ್ಮ, ಎಂದಿನಂತೆ.
'ಪಾಸಿಟಿವ್' ಅಂದದ್ದು ಕೇಳಿ
ಹೊರಗೆ ಬೆಂಚಿನಲ್ಲಿ ಜಯಶೀಲಾಳ ತಂಗಿ ಅತ್ತಳಂತೆ.
ಈ ಹೌದು ಒಳ್ಳೆಯ ಹೌದೆಂದು
ಯಾರಾದರೂ ಹೇಳಿರುತ್ತಾರೆ.
ಹೇಳಿರಲಿ.

ಅವಳ ಅಚ್ಚಿನ ಅಂಚಿಗೆ ಪೆನ್ಸಿಲ್ಲಿನಲ್ಲಿ 'ಸಾಕ್ಷಿ' ಎಂದು ಬರೆದೆ.
ಅವಳನ್ನು ಕೇಳಬೇಕಿತ್ತು; ಫಾರಮ್ಮಿನಲ್ಲಿ ಅದಕ್ಕೆ ಜಾಗವಿಲ್ಲ.
ಚಿಕ್ಕತಾಯಮ್ಮನ ಎರಡು ಪದರ ಮಾತ್ರ
ಬಣ್ಣ ಹಾಕದೆ ಹಾಗೇ ಎತ್ತಿಟ್ಟಿದ್ದೇನೆ.
ಯಾಕೆ, ಅಂತ ಕೇಳಿದರು ಮೇಡಂ.
ಹದ ನೋಡೋದಕ್ಕೆ, ಅಂದೆ.