ಮುಚ್ಚಲು ಕಲಿಯದ ಬಾಗಿಲು

ಹನ್ನೊಂದಕ್ಕೆ ಕೊನೆಯ ಬಂಡಿ.
ಆಮೇಲೆ ವಾಲ್ಪರೈಸೊದ ನಮ್ಮ ಗುಡ್ಡದಲ್ಲಿ
ಮೇಲೇರುವುದು ಎರಡೇ:
ಬಂದರಿನ ಮಂಜು,
ಬಲ್ತಸಾರನ ಹಾಲು.

ಒಂಬತ್ತು ವರ್ಷ ಆ ಬಂಡಿಯ ಬಾಗಿಲು ಮುಚ್ಚಿದವಳು ನಾನು.
ಹಳಿಯ ಮೇಲೆ ಗುಡ್ಡ ಹತ್ತುವ ಮರದ ಪೆಟ್ಟಿಗೆ.
ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು,
ಒಂದೇ ಹಗ್ಗ, ಲೆಕ್ಕ ತಪ್ಪದು.
ಅಗುಳಿ ಹಾಕಿ, ಗಂಟೆ ಬಾರಿಸಿ,
ಇಳಿಯುವವರನ್ನು ಇಳಿಸಿದರೆ ನನ್ನ ಕೆಲಸ ಮುಗಿಯಿತು.

ಈಗ ಹೆರಿಗೆ ರಜೆ. ಕೂಸಿಗೆ ಹನ್ನೊಂದು ವಾರ.
ಕುಡಿದದ್ದು ಇಳಿಯುವುದಿಲ್ಲ,
ಇಳಿದದ್ದು ನಿಲ್ಲುವುದಿಲ್ಲ.
ಮೊದಲು ಒಂದು ಬಿಕ್ಕಳಿಕೆ,
ಆಮೇಲೆ ಬೆನ್ನು ಬಿಲ್ಲಾಗಿ, ಮುಖ ಕೆಂಪು ಮೂಲಂಗಿಯಾಗಿ,
ಬೆಚ್ಚಗೆ, ಹುಳಿಹುಳಿಯಾಗಿ
ನನ್ನ ಎಡ ಹೆಗಲ ಮೇಲೆ.
ಹೆಗಲಿಗೆ ಬಟ್ಟೆ, ಬಟ್ಟೆಯ ಮೇಲೆ ಬಟ್ಟೆ,
ಕೂದಲಿಗೆ ಒಡೆದ ಹಾಲಿನ ವಾಸನೆ,
ಕನಸಿಗೂ.

ದವಾಖಾನೆಯ ಸೂಲಗಿತ್ತಿ ಹಿಮೆನಾ
ಚೀಟಿಯ ಹಿಂದೆ ಜಠರ ಬರೆದಳು,
ಕತ್ತು ಉದ್ದದ ಹೂಜಿಯ ಹಾಗೆ.
"ಇಲ್ಲೊಂದು ಬಾಗಿಲಿದೆ ಕಣೇ,
ಅದಿನ್ನೂ ಮುಚ್ಚಲು ಕಲಿತಿಲ್ಲ."
ನನಗೆ ನಗು ಬಂತು. ಬಾಗಿಲು ಕಾಯುವವಳ ಮಗನಿಗೇ!
ತಕ್ಕಡಿಯಲ್ಲಿಟ್ಟಳು: ಐದು ಕಿಲೋ ಎಂಟುನೂರು.
"ಮೈಗೆ ಹತ್ತುತ್ತಿದೆ. ತೂಕ ಇಳಿದರೆ,
ಕಕ್ಕಿದ್ದು ಹಸಿರಾದರೆ, ಕೆಂಪು ಕಂಡರೆ ಓಡಿ ಬಾ.
ಕುಡಿದ ಮೇಲೆ ಅರ್ಧ ಗಂಟೆ ನೆಟ್ಟಗೆ ಎತ್ತಿಕೋ,
ಮಲಗಿಸುವಾಗ ಮಾತ್ರ ಅಂಗಾತ, ಸಪಾಟು.
ಕೂರುವುದು ಕಲಿತರೆ ತಾನೇ ಹೋಗುತ್ತದೆ."

ತಾನೇ ಹೋಗುತ್ತದೆ!
ಇದನ್ನು ರಾತ್ರಿ ಎರಡೂ ನಲವತ್ತಕ್ಕೆ
ಯಾರಿಗಾದರೂ ಹೇಳಿ ನೋಡಿ.

ಅತ್ತೆ ಒರ್ತೆನ್ಸಿಯಾ ಸೋಂಪಿನ ನೀರು ಕುದಿಸಿ ತಂದಳು.
ಬೇಡವೆಂದೆ. ಮುಖ ಊದಿಸಿಕೊಂಡು ತಾನೇ ಕುಡಿದಳು,
ಕುಡಿದು ದೊಡ್ಡದಾಗಿ ತೇಗಿದಳು.
ಆ ತೇಗಿನ ಮೇಲೆ ನನಗಾದ ಹೊಟ್ಟೆಕಿಚ್ಚು
ಯಾರ ಬಂಗಾರದ ಮೇಲೂ ಆಗಿರಲಿಲ್ಲ.

ಹಿಂದೊಮ್ಮೆ ಬಂಡಿಯಲ್ಲಿ ದೂರದೇಶದ ನಾವಿಕನೊಬ್ಬ ಹೇಳಿದ್ದ:
ಅವನ ಊರಲ್ಲಿ ಹೊಸ ಮನೆ ಹೊಕ್ಕಾಗ
ಹಾಲುಕ್ಕಿಸುತ್ತಾರಂತೆ, ಉಕ್ಕಿದರೆ ಶುಭವಂತೆ.
ಅಯ್ಯಾ, ಎಲ್ಲಿದ್ದೀಯ, ಬಂದು ನೋಡು,
ಈ ಮನೆಯಲ್ಲಿ ದಿನಕ್ಕೆ ಹದಿನಾರು ಸಲ ಶುಭ.

ಜುಲೈ ಚಳಿಯ ಒಂದು ರಾತ್ರಿ,
ನೆಲ್ಸನ್ ಬಂದರಿನಲ್ಲಿ, ಕ್ರೇನಿನ ಮೇಲೆ.
ಕಿರುಚಿ ಕಿರುಚಿ ಕೂಸಿನ ದನಿ ಹರಿದಿತ್ತು.
ತೊಟ್ಟಿಲಲ್ಲಿ ಅಂಗಾತ ಮಲಗಿಸಿ
ಬಾಗಿಲೆಳೆದುಕೊಂಡು ಹೊರಗಿನ ಮೆಟ್ಟಿಲಲ್ಲಿ ಕೂತೆ.
ನಾಲ್ಕು ನಿಮಿಷ. ಎಣಿಸಿದ್ದೇನೆ.
ಮುಚ್ಚುವುದು ನನಗೆ ಎಷ್ಟು ಸುಲಭ
ಎಂದು ತಿಳಿದದ್ದು ಅಂದೇ.
ಬೀದಿನಾಯಿಯೊಂದು ಬಂದು ಹೆಗಲು ನೆಕ್ಕಿತು.
ಐದನೆಯ ನಿಮಿಷಕ್ಕೆ ಒಳಗೆ ಹೋದೆ.

ನೆಲ್ಸನ್‌ಗೆ ಹೇಳಿದ್ದು ಎರಡು ದಿನ ಬಿಟ್ಟು.
ಅವನೂ ಒಮ್ಮೆ ನಲ್ಲಿ ತಿರುಗಿಸಿಟ್ಟು
ಬಚ್ಚಲಲ್ಲಿ ಕೂತಿದ್ದನಂತೆ,
ನೀರಿನ ಸದ್ದಿನಲ್ಲಿ ಅಳು ಕೇಳದಿರಲೆಂದು.
ಯಾರ ಅಳು ಎಂದು ನಾನು ಕೇಳಲಿಲ್ಲ.

ಈಗ ಏಳಕ್ಕೆ ಹತ್ತು ನಿಮಿಷ.
ಕಿಟಕಿಯ ಬಳಿ ನಿಂತಿದ್ದೇನೆ,
ಅವನ ಗಲ್ಲ ನನ್ನ ಕೊರಳಿಗೆ ಅಂಟಿದೆ.
ಲಂಗರು ಹಾಕಿದ ಹಡಗುಗಳಲ್ಲಿ ಇನ್ನೂ ದೀಪ.
ಬೆನ್ನು ನೀವುತ್ತೇನೆ, ಕೆಳಗಿಂದ ಮೇಲಕ್ಕೆ.
ಒಂದು ಗುಳ್ಳೆ ಎಲ್ಲೋ ನಡುದಾರಿಯಲ್ಲಿ ನಿಂತಿದೆ.
ಬಾ ಮರಿ, ಹತ್ತು, ಇನ್ನೊಂದಿಷ್ಟು.
ಬಂತು! ಮುದಿ ಬೆಸ್ತನ ತೇಗು.
ಹಿಂದೆಯೇ ಒಂದಿಷ್ಟು ಹಾಲು, ನಿನ್ನೆಗಿಂತ ಕಡಿಮೆ,
ಅಥವಾ ನನಗೆ ಹಾಗನ್ನಿಸಿತು.

ಕೆಳಗೆ ಹಗ್ಗ ಬಿಗಿಯುವ ಸದ್ದು, ಮೊದಲ ಬಂಡಿ.
ನನ್ನ ಜಾಗಕ್ಕೆ ಬಂದ ಹೊಸ ಹುಡುಗ
ಅಗುಳಿ ಸರಿಯಾಗಿ ಹಾಕಿಲ್ಲ,
ಬಾಗಿಲು ಪಟಪಟ ಬಡಿಯುವುದು ಇಲ್ಲಿಗೇ ಕೇಳುತ್ತದೆ.
ಕಲೀತಾನೆ.
ಅರ್ಧ ಗಂಟೆಗೆ
ಇನ್ನೂ ಹನ್ನೊಂದು ನಿಮಿಷ ಇದೆ.